ಕಿರುಪಾತ್ರಗಳ ಹಿರಿಯ ಬಂಧು : ಪಂಜೆ ಮಂಗೇಶರಾಯರು

ಮಹಾಕಾವ್ಯಗಳ ಪುಟಗಳಲ್ಲಿ ಅರಸರು, ಮಂತ್ರಿಗಳು, ದಂಡನಾಯಕರು ತುಂಬಿಕೊಂಡಿರುತ್ತಾರೆ. ಅರಸನ ರಥಕ್ಕೆ ಕೀಲೆಣ್ಣೆ ಹಾಕಿದವನ ಹೆಸರನ್ನು ಕವಿ ಹೇಳುವುದಿಲ್ಲ. ದಣಿದು ಬಂದ ವೀರನಿಗೆ ನೀರು ಕೊಟ್ಟ ಹೆಣ್ಣುಮಗಳು ಒಂದೇ ಸಾಲಿನಲ್ಲಿ ಬಂದು ಮರೆಯಾಗುತ್ತಾಳೆ. ಆದರೆ ಲೋಕಯಾತ್ರೆಯು ನಡೆಯುವುದು ಈ ಹೆಸರಿಲ್ಲದವರ ಹೆಗಲಿನ ಮೇಲೆಯೇ. ಸಾಹಿತ್ಯವು ಈ ಸತ್ಯವನ್ನು ಕಂಡುಕೊಳ್ಳಲು ಬಹುಕಾಲ ಬೇಕಾಯಿತು.

ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯು ಆಳಿದ ೧೮೩೭ರಿಂದ ೧೯೦೧ರವರೆಗಿನ ಅವಧಿಯು ಕಾದಂಬರಿಯ ಸುವರ್ಣಯುಗವೆಂದು ಹೆಸರಾಗಿದೆ. ಆ ಯುಗದ ಅಗ್ರಗಣ್ಯ ಲೇಖಕ ಚಾರ್ಲ್ಸ್ ಡಿಕನ್ಸ್. ತಂದೆಯು ಸಾಲಕ್ಕಾಗಿ ಸೆರೆಮನೆ ಸೇರಿದಾಗ ಹನ್ನೆರಡು ವರ್ಷದ ಈ ಹುಡುಗನು ಬೂಟು ಮಸಿಯ ಕಾರ್ಖಾನೆಯಲ್ಲಿ ದುಡಿದಿದ್ದನು. ಅವನ ಮೊದಲ ಕಾದಂಬರಿಯಾದ ಪಿಕ್‌ವಿಕ್ ಪೇಪರ್ಸ್ ೧೮೩೬ರಲ್ಲಿ ತಿಂಗಳ ಕಂತುಗಳಾಗಿ ಹೊರಡತೊಡಗಿದಾಗ ಕೊಳ್ಳುವವರು ಕೆಲವು ನೂರು ಮಂದಿ ಮಾತ್ರ ಇದ್ದರು. ನಾಲ್ಕನೆಯ ಕಂತಿನಲ್ಲಿ ಛತ್ರವೊಂದರಲ್ಲಿ ಬೂಟು ಒರೆಸುವ ಸ್ಯಾಮ್ ವೆಲ್ಲರ್ ಎಂಬ ಆಳು ಕಾಣಿಸಿಕೊಂಡನು. ಅಲ್ಲಿಂದ ಮುಂದೆ ಮಾರಾಟವು ಏರುತ್ತ ಹೋಗಿ ಕೊನೆಗೆ ನಲವತ್ತು ಸಾವಿರಕ್ಕೆ ಮುಟ್ಟಿತು. ಡೇವಿಡ್ ಕಾಪರ್‌ಫೀಲ್ಡನ ದಾದಿ ಪೆಗ್ಗೊಟಿ, ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್ ಕಾದಂಬರಿಯ ಕಮ್ಮಾರ ಜೋ ಗಾರ್ಜರಿ ಇಂಥವರೂ ಕಥಾನಾಯಕರಷ್ಟೇ ಆಳವಾಗಿ ಓದುಗರ ಮನಸ್ಸಿನಲ್ಲಿ ನೆಲೆನಿಂತರು. ಕಿರಿಯರೆನಿಸಿಕೊಂಡವರಲ್ಲಿಯೂ ಹಿರಿದಾದುದು ಇದೆ ಎಂಬುದನ್ನು ಓದುಗರೇ ಲೇಖಕನಿಗೆ ತೋರಿಸಿಕೊಟ್ಟಂತಾಯಿತು.

ಕನ್ನಡ ನಾಡಿನಲ್ಲಿ ಇಂಥ ಕಿರಿಯರಿಗಾಗಿ ತಮ್ಮ ಲೇಖನಿಯನ್ನು ಮುಡಿಪಾಗಿಟ್ಟ ಮಹನೀಯರಲ್ಲಿ ಬಂಟ್ವಾಳದ ಪಂಜೆ ಮಂಗೇಶರಾಯರದು ಮೊದಲ ಸಾಲಿನ ಹೆಸರು.

ಜನನ ಮತ್ತು ಬಾಲ್ಯ

ಮಂಗೇಶರಾಯರು ೧೮೭೪ನೆಯ ಇಸವಿ ಫೆಬ್ರವರಿ ೨೨ರಂದು ಬಂಟ್ವಾಳದಲ್ಲಿ ಜನಿಸಿದರು. ತಂದೆ ರಾಮಪ್ಪಯ್ಯನವರು, ತಾಯಿ ಸೀತಮ್ಮನವರು. ಸಾರಸ್ವತ ಬ್ರಾಹ್ಮಣ ಮನೆತನ. ಹಿರಿಯರು ಸುಬ್ರಹ್ಮಣ್ಯದ ಸಮೀಪದ ಪಂಜ ಎಂಬ ಗ್ರಾಮದಿಂದ ಬಂದು ಬಂಟ್ವಾಳದಲ್ಲಿ ನೆಲೆಸಿದುದರಿಂದ ಊರಿನ ಹೆಸರೇ ಮನೆತನದ ಹೆಸರಾಯಿತು.

ಬಂಟ್ವಾಳವು ನೇತ್ರಾವತಿಯ ದಡದ ಪೇಟೆ. ಕುದುರೆಮುಖದ ಮಗ್ಗುಲಲ್ಲಿ ಹುಟ್ಟಿ, ಬೆಳ್ತಂಗಡಿಯ ಕಾಡು ತೋಟಗಳ ನಡುವೆ ಹರಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬರುವ ಈ ನದಿಯು ಬಂಟ್ವಾಳವನ್ನು ದಾಟಿ ಮಂಗಳೂರಿನಲ್ಲಿ ಕಡಲನ್ನು ಸೇರುತ್ತದೆ. ಘಟ್ಟದ ಸರಕು ಇಳಿದು ದೋಣಿಗಳ ಮೂಲಕ ಮಂಗಳೂರಿಗೆ ಹೋಗುತ್ತಿದ್ದ ಕಾಲದಲ್ಲಿ ಈ ಪೇಟೆಯು ಸದಾ ಜನರಿಂದ ತುಂಬಿರುತ್ತಿತ್ತು. ದೋಣಿ ನಡೆಸುವವರು, ಹೊರೆಯಾಳುಗಳು, ಎತ್ತಿನ ಗಾಡಿಯವರು, ಮೀನು ಮಾರುವ ಹೆಂಗಸರು, ಅಂಗಡಿಕಾರರು, ದೈವದ ಪಾತ್ರಿಗಳು, ಯಕ್ಷಗಾನದ ಮೇಳದವರು ಹೀಗೆ ನಾನಾ ವೃತ್ತಿಯ, ನಾನಾ ಭಾಷೆಯ ಜನರು ಅಲ್ಲಿ ಕೂಡುತ್ತಿದ್ದರು. ಬಾಲಕ ಮಂಗೇಶನ ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಶಾಲೆಯ ಮಾತು ಕನ್ನಡ. ಮೂರು ನುಡಿಗಳ ಸಂಗಮದಲ್ಲಿ ಬೆಳೆದ ಕಿವಿಗೆ ಮಾತಿನ ಲಯವು ಬಹು ಬೇಗನೆ ಪಟ್ಟಾಯಿತು. ಮುಂದೆ ಅವರ ಶಿಶುಗೀತೆಗಳಲ್ಲಿ ಕಾಣುವ ನಾದಪ್ರಜ್ಞೆಯ ಬೇರನ್ನು ಬಂಟ್ವಾಳದ ಈ ಬೀದಿಗಳಲ್ಲಿಯೇ ಹುಡುಕಬೇಕಾಗಿದೆ.

ಮನೆಯಲ್ಲಿ ಸಿರಿತನವಿರಲಿಲ್ಲ. ಬಂಟ್ವಾಳದಲ್ಲಿ ಪ್ರಾರಂಭದ ವಿದ್ಯಾಭ್ಯಾಸವನ್ನು ಮುಗಿಸಿ ಮುಂದಿನ ಓದಿಗಾಗಿ ಮಂಗಳೂರಿಗೆ ಹೋದ ಮಂಗೇಶರಾಯರಿಗೆ ತಂದೆಯ ಅಕಾಲ ಮರಣದಿಂದ ಸಂಸಾರದ ಹೊರೆಯು ಎಳೆಯ ವಯಸ್ಸಿನಲ್ಲಿಯೇ ಹೆಗಲೇರಿತು. ಒಡಹುಟ್ಟಿದವರ ಯೋಗಕ್ಷೇಮ, ತಮ್ಮ ಓದು, ಹೊಟ್ಟೆಪಾಡು ಈ ಮೂರನ್ನೂ ಏಕಕಾಲಕ್ಕೆ ನಿಭಾಯಿಸಬೇಕಾಯಿತು. ೧೮೯೪ರಲ್ಲಿ ಭವಾನಿಬಾಯಿಯವರೊಡನೆ ವಿವಾಹವಾಯಿತು. ಎಫ್.ಎ. ತರಗತಿಯ ಬಳಿಕ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರ ಹುದ್ದೆಯನ್ನು ವಹಿಸಿಕೊಂಡು, ದುಡಿಯುತ್ತಲೇ ಓದಿ, ಬಿ.ಎ. ಪದವಿಯನ್ನು ಸಂಪಾದಿಸಿದರು. ಬಡತನವು ಅವರ ನಗುವನ್ನು ಕಸಿದುಕೊಳ್ಳಲಿಲ್ಲ; ಬದಲಾಗಿ ಬಡವರ ಮನೆಯ ಮಕ್ಕಳ ಮುಖವನ್ನು ಓದುವ ಕಣ್ಣನ್ನು ಕೊಟ್ಟಿತು.

ಅಂದಿನ ಮಂಗಳೂರು

ಮಂಗೇಶರಾಯರು ಲೇಖನಿಯನ್ನು ಹಿಡಿದ ಕಾಲದ ಮಂಗಳೂರನ್ನು ಸ್ವಲ್ಪ ಸ್ಮರಿಸುವುದು ಅವಶ್ಯ. ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಅಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ್ದರು. ೧೮೪೩ರಲ್ಲಿ ಕನ್ನಡದ ಪ್ರಥಮ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವು ಅಲ್ಲಿಯೇ ಹೊರಟಿತು. ೧೮೯೪ರಲ್ಲಿ ಕಿಟೆಲ್ ಪಂಡಿತನ ಕನ್ನಡ-ಇಂಗ್ಲಿಷ್ ನಿಘಂಟು ಅದೇ ಅಚ್ಚುಕೂಟದಿಂದ ಬೆಳಕು ಕಂಡಿತು.

೧೮೯೯ರಲ್ಲಿ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಎಂಬ ಕಾದಂಬರಿಯು ಮಂಗಳೂರಿನಲ್ಲಿ ಪ್ರಕಟವಾಯಿತು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂಬ ಮಾನ್ಯತೆ ಈ ಕೃತಿಗೆ ದೊರೆತಿದೆ. ವಿಕ್ಟೋರಿಯಾ ರಾಣಿಯು ಇನ್ನೂ ಬದುಕಿದ್ದ ಕಾಲವದು. ಆದುದರಿಂದ ಇದನ್ನು ಕನ್ನಡದ ವಿಕ್ಟೋರಿಯಾ ಯುಗದ ಕಾದಂಬರಿಯೆಂದು ಕರೆದರೂ ತಪ್ಪಾಗಲಾರದು. ವೆಂಕಟರಾಯರು ಪೋಲೀಸು ಇಲಾಖೆಯಲ್ಲಿ ದುಡಿದವರು. ಸಮಾಜದ ಹೊರಮೈಯನ್ನೂ ಒಳಮೈಯನ್ನೂ ಕಂಡವರು. ಬಾಲವಿಧವೆಯಾದ ಇಂದಿರೆಯು ತವರಿನ ಕಪಟ ಭಕ್ತಿಯ ವಾತಾವರಣದಿಂದ ಪಾರಾಗಿ, ಅಮೃತರಾಯನ ಮನೆಯಲ್ಲಿ ಆಶ್ರಯ ಪಡೆದು, ವಿದ್ಯೆ ಕಲಿತು, ಇಂಗ್ಲೆಂಡಿನಿಂದ ಓದಿ ಬಂದ ಭಾಸ್ಕರರಾಯನನ್ನು ಮರುಮದುವೆಯಾಗುವುದು ಅದರ ಕಥೆ. ಆದರೆ ಕಥೆಗೆ ಜೀವ ತುಂಬುವುದು ನಾಯಕ ನಾಯಿಕೆಯರು ಮಾತ್ರವಲ್ಲ. ಲಂಚಕೋರನಾದ ತಂದೆ ಭೀಮರಾಯ, ಭಕ್ತಿಯ ಭ್ರಮೆಯಲ್ಲಿ ಮಗಳ ಬಾಳನ್ನೇ ಮರೆತ ತಾಯಿ ಅಂಬಾಬಾಯಿ, ಸಂತರೆಂದು ಹೇಳಿಕೊಂಡು ಮನೆ ಹೊಕ್ಕುವ ಲಂಪಟರು ಇವರೆಲ್ಲರೂ ಅಂದಿನ ಓದುಗರಿಗೆ ತಮ್ಮ ಬೀದಿಯಲ್ಲಿಯೇ ಕಂಡ ಮುಖಗಳಾಗಿದ್ದರು. ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಕೌಚ್‌ಮನ್ನರು ೧೯೦೩ರಲ್ಲಿ ಇದನ್ನು ಇಂಗ್ಲಿಷಿಗೆ ಅನುವಾದಿಸಿದುದು ಕೃತಿಯ ಪ್ರಭಾವಕ್ಕೆ ಸಾಕ್ಷಿಯಾಗಿದೆ.

ಆ ಹೊತ್ತಿನಲ್ಲಿ, ೧೯೦೦ರಲ್ಲಿ, ಬೆನಗಲ್ ರಾಮರಾಯರು ಸುವಾಸಿನಿ ಎಂಬ ಮಾಸಪತ್ರಿಕೆಯನ್ನು ಪ್ರಾರಂಭಿಸಿದರು. ಮಂಗೇಶರಾಯರ ಮೊದಲ ಕಥೆಗಳು ಹೊರಬಿದ್ದುದು ಈ ಪತ್ರಿಕೆಯಲ್ಲಿ. ನನ್ನ ಚಿಕ್ಕತಾಯಿ, ನನ್ನ ಚಿಕ್ಕತಂದೆ, ನನ್ನ ಹೆಂಡತಿ, ಕಮಲಾಪುರದ ಹೊಟ್ಲಿನಲ್ಲಿ ಎಂಬ ಅವರ ಬರಹಗಳ ತಲೆಬರಹಗಳೇ ಅರ್ಥಪೂರ್ಣವಾಗಿವೆ. ಪುರಾಣದ ಹೆಸರುಗಳಿಲ್ಲ, ರಾಜಧಾನಿಗಳಿಲ್ಲ. ಕಾದಂಬರಿಯಲ್ಲಾದರೆ ಹಿನ್ನೆಲೆಯಲ್ಲಿ ಸುಳಿದು ಹೋಗಬೇಕಾದ ಮನೆಯ ಬಂಧುಗಳು, ಹೋಟೆಲಿನ ಮಂದಿ ಇಲ್ಲಿ ರಂಗದ ನಡುವಿಗೆ ಬಂದಿದ್ದಾರೆ. ಕನ್ನಡದ ಸಣ್ಣಕಥೆಯು ಹೀಗೆ ಕಣ್ಣು ತೆರೆಯಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಆ ಪ್ರಕಾರವನ್ನು ಕಲೆಯ ಎತ್ತರಕ್ಕೆ ಕೊಂಡೊಯ್ಯುವುದಕ್ಕೆ ಮುಂಚೆ ದಾರಿ ಸವೆಸಿದವರಲ್ಲಿ ಪಂಜೆಯವರು, ಎಂ. ಎನ್. ಕಾಮತರು, ಕೆರೂರು ವಾಸುದೇವಾಚಾರ್ಯರು ಪ್ರಮುಖರೆಂದು ಸಾಹಿತ್ಯ ಚರಿತ್ರೆಯು ಒಪ್ಪಿಕೊಂಡಿದೆ.

ಹೆಸರನ್ನು ಮರೆಸಿಕೊಳ್ಳುವ ವಿನಯವು ಅವರ ಸ್ವಭಾವವಾಗಿತ್ತು. ಹರಟೆಮಲ್ಲ, ರಾ. ಮ. ಪಂ., ಕವಿಶಿಷ್ಯ ಎಂಬ ಗುಪ್ತನಾಮಗಳಿಂದ ಅವರು ಬರೆದರು. ಕವಿಯೆಂದು ಕರೆದುಕೊಳ್ಳಲು ಹಕ್ಕಿದ್ದವರು ಕವಿಯ ಶಿಷ್ಯನೆಂದು ಕರೆದುಕೊಂಡರು. ಕಿರಿಯರ ಪಾತ್ರಗಳನ್ನು ಬರೆದವರು ತಾವೂ ಕಿರಿಯರ ಪಂಕ್ತಿಯಲ್ಲಿಯೇ ಕುಳಿತರು.

ಶಾಲೆಗಳ ನಡುವೆ

ಮಂಗೇಶರಾಯರು ವಿದ್ಯಾ ಇಲಾಖೆಯಲ್ಲಿ ಶಾಲಾ ತನಿಖಾಧಿಕಾರಿಯಾಗಿಯೂ ಸೇವೆ ಸಲ್ಲಿಸಿದರು. ಅಂದಿನ ದಕ್ಷಿಣ ಕನ್ನಡದಲ್ಲಿ ಈ ಉದ್ಯೋಗವು ಸುಲಭದ್ದಾಗಿರಲಿಲ್ಲ. ಸೇತುವೆಗಳು ವಿರಳ, ಮಳೆಗಾಲದಲ್ಲಿ ಹೊಳೆ ಹಳ್ಳಗಳು ಊರಿನಿಂದ ಊರನ್ನು ಬೇರ್ಪಡಿಸುತ್ತಿದ್ದವು. ಬಂಟ್ವಾಳದ ಗದ್ದೆಬಯಲು, ಬೆಳ್ತಂಗಡಿಯ ಘಟ್ಟದಡಿಯ ಕಾಡುದಾರಿ, ಮೂಡಬಿದಿರೆಯ ಮುರಕಲ್ಲಿನ ಗುಡ್ಡ ಇಂಥ ಭೂಭಾಗದಲ್ಲಿ ಚದುರಿದ್ದ ಏಕೋಪಾಧ್ಯಾಯ ಶಾಲೆಗಳಿಗೆ ತನಿಖೆಯ ಅಧಿಕಾರಿಯೆಂದರೆ ಭಯವೇ ಮೂರ್ತಿವೆತ್ತಂತೆ. ಅಧಿಕಾರಿಯ ವರದಿಯ ಮೇಲೆ ಗುರುಗಳ ಸಂಬಳ, ಶಾಲೆಯ ಸಹಾಯಧನ ಎರಡೂ ನಿಂತಿದ್ದ ಕಾಲವದು.

ಪಂಜೆಯವರು ಈ ಭಯವನ್ನು ಅಳಿಸಿದರು. ಮಕ್ಕಳ ನಡುವೆ ಕುಳಿತು ಕಥೆ ಹೇಳುವ, ಹಾಡಿ ಹಾಡಿಸುವ ಅಧಿಕಾರಿಯೆಂದು ಅವರು ಹೆಸರಾದರು. ಇದು ಕೇವಲ ವಿನೋದಪ್ರಿಯತೆಯಾಗಿರಲಿಲ್ಲ. ಅದರ ಹಿಂದೆ ಗಂಭೀರವಾದ ಸಮಸ್ಯೆಯೊಂದಿತ್ತು. ಈ ಜಿಲ್ಲೆಯ ಬಹುಪಾಲು ಮಕ್ಕಳಿಗೆ ಕನ್ನಡವು ಮನೆಮಾತಲ್ಲ. ಗದ್ದೆಯ ಅಂಚಿನ ಗುಡಿಸಲಿನಿಂದ ಬರುವ ಹುಡುಗನು ತುಳುವನ್ನು ಬಲ್ಲನು. ಪೇಟೆಯ ಹುಡುಗನು ಕೊಂಕಣಿಯನ್ನೋ ಬ್ಯಾರಿಯನ್ನೋ ಬಲ್ಲನು. ಅವನ ಕೈಗೆ ಸಂಸ್ಕೃತ ಸಮಾಸಗಳಿಂದ ಬಿಗಿದ ಪಾಠವನ್ನು ಕೊಟ್ಟರೆ ಪುಸ್ತಕವು ಅವನ ಪಾಲಿಗೆ ಮುಚ್ಚಿದ ಬಾಗಿಲೇ ಸರಿ. ಕೆಲವು ತಿಂಗಳುಗಳಲ್ಲಿ ಅವನು ಶಾಲೆಯನ್ನು ಬಿಟ್ಟು ದನ ಕಾಯಲು ಹೋಗುವನು. ಅನುಕೂಲವಂತರ ಮನೆಯ ಹುಡುಗನು ಹೇಗೋ ಕಲಿತಾನು. ಬಾಗಿಲು ಮುಚ್ಚಿಕೊಳ್ಳುವುದು ಬಡವನಿಗೆ. ಮೊದಲ ಪಾಠವೇ ಸಿಹಿಯಾಗಿರಬೇಕು, ನಾಲಗೆಯ ಮೇಲೆ ಕುಣಿಯುವಂತಿರಬೇಕು ಎಂಬ ಪಂಜೆಯವರ ನಿಲುವಿನಲ್ಲಿ ಎಷ್ಟೋ ಮಕ್ಕಳ ಭವಿಷ್ಯದ ಪ್ರಶ್ನೆ ಅಡಗಿತ್ತು.

ಈ ಸೀಮೆಯು ದೊಡ್ಡದನ್ನು ಕಾಣದ ಸೀಮೆಯಲ್ಲ. ಮೂಡಬಿದಿರೆಯಲ್ಲಿ ೧೪೩೦ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಿದೆ. ಭರತ ಚಕ್ರವರ್ತಿಯ ಕಥೆಯನ್ನು ಭರತೇಶವೈಭವವಾಗಿ ಹಾಡಿದ ರತ್ನಾಕರವರ್ಣಿಯು ಆ ಊರಿನ ಕವಿ. ಬೆಳ್ತಂಗಡಿಯ ಸಮೀಪದ ವೇಣೂರಿನಲ್ಲಿ ೧೬೦೪ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ ಗೊಮ್ಮಟನ ಮೂರ್ತಿಯಿದೆ. ಇಂಥ ಮಹತ್ತುಗಳ ನಡುವೆ ಹುಟ್ಟಿದ ಪಂಜೆಯವರು ಮಕ್ಕಳಿಗಾಗಿ ಇಲಿ, ಕರಡಿ, ಸಿಗಡಿ ಮೀನುಗಳ ಕಥೆ ಬರೆದರು. ಒಬ್ಬರು ಬಸದಿಯ ಕಂಬವನ್ನು ನೆಟ್ಟರೆ ಇನ್ನೊಬ್ಬರು ಅದರ ಮೆಟ್ಟಿಲಿನ ಮೇಲೆ ಆಡುವ ಮಗುವನ್ನು ಎತ್ತಿಕೊಂಡರು. ನಾಡಿಗೆ ಇಬ್ಬರೂ ಬೇಕು.

ಶಿಶುಸಾಹಿತ್ಯ

ಬಾಸೆಲ್ ಮಿಶನ್ ಮುದ್ರಣಾಲಯವು ಹೊರಡಿಸುತ್ತಿದ್ದ ಕನ್ನಡ ಪಠ್ಯಪುಸ್ತಕಗಳಿಗಾಗಿ ಮಂಗೇಶರಾಯರು ಬರೆದ ಪದ್ಯಗಳೂ ಪಾಠಗಳೂ ತಲೆಮಾರುಗಳ ಕಾಲ ಮಕ್ಕಳ ನಾಲಗೆಯಲ್ಲಿ ನಲಿದವು. ನಾಗರಹಾವೆ, ತೆಂಕಣ ಗಾಳಿಯಾಟ, ಉದಯರಾಗ ಇವುಗಳನ್ನು ಕಲಿಯದೆ ಕನ್ನಡ ಶಾಲೆಯನ್ನು ದಾಟಿದವರು ಒಂದು ಕಾಲದಲ್ಲಿ ವಿರಳವಾಗಿದ್ದರು. ತೆಂಕಣ ಗಾಳಿಯಾಟದಲ್ಲಿ ಕರಾವಳಿಯ ಬಿರುಗಾಳಿಯ ಸದ್ದೇ ಅಕ್ಷರವಾಗಿ ಬೀಸುತ್ತದೆ. ನಾಗರಹಾವೆ ಪದ್ಯದಲ್ಲಿ, ನಾಗಬನಗಳಿಗೆ ಕೈಮುಗಿಯುವ ತುಳುನಾಡಿನ ಭಕ್ತಿ, ಹಾವಿನ ಭಯ, ಎಳೆಯರ ಕುತೂಹಲ ಮೂರೂ ಒಂದಾಗಿವೆ. ಕಠಿಣವಾದ ಪದವಿಲ್ಲ, ಉಪದೇಶದ ಭಾರವಿಲ್ಲ.

ಹೊರಗಿನ ಕಥೆಗಳನ್ನೂ ಅವರು ಕನ್ನಡದ ಮಣ್ಣಿಗೆ ತಂದು ನೆಟ್ಟರು. ಮೂರು ಕರಡಿಗಳ ಕಥೆಯು ಇಂಗ್ಲಿಷಿನಲ್ಲಿ ರಾಬರ್ಟ್ ಸದೆಯ ಬರಹವಾಗಿ ೧೮೩೭ರಲ್ಲಿ, ಎಂದರೆ ವಿಕ್ಟೋರಿಯಾ ಪಟ್ಟವೇರಿದ ವರ್ಷದಲ್ಲಿಯೇ ಅಚ್ಚಾಗಿತ್ತು. ಇಲಿಗಳನ್ನು ಕುಣಿಸುತ್ತ ಕರೆದೊಯ್ದ ಕೊಳಲಿನವನ ಕಥೆಯನ್ನು ರಾಬರ್ಟ್ ಬ್ರೌನಿಂಗನು ೧೮೪೨ರಲ್ಲಿ ಕವನವಾಗಿಸಿದ್ದನು. ಕುವೆಂಪು ಅವರು ಅದೇ ವಸ್ತುವನ್ನು ಬೊಮ್ಮನಹಳ್ಳಿಯ ಕಿಂದರಿಜೋಗಿಯಾಗಿ ಹಾಡಿದರೆ, ಪಂಜೆಯವರು ಇಲಿಗಳ ಥಕಥೈ ಎಂಬ ಕಥೆಯಾಗಿ ಹೇಳಿದರು. ಸಿಗಡಿ ಯಾಕೆ ಒಣಗಲಿಲ್ಲ ಎಂಬ ಕಥೆಯಂತೂ ಅಪ್ಪಟ ಕರಾವಳಿಯದು. ಒಣಗಬೇಕಾದ ಮೀನು ಒಣಗದಿರುವುದಕ್ಕೆ ಒಬ್ಬರು ಇನ್ನೊಬ್ಬರ ಮೇಲೆ, ಅವರು ಮತ್ತೊಬ್ಬರ ಮೇಲೆ ಕಾರಣವನ್ನು ಹೇರುತ್ತ ಹೋಗುವ ಸರಪಣಿಯ ಕಥೆ ಇದು. ಮಗುವು ನಕ್ಕು ಕುಣಿಯುತ್ತದೆ. ದೊಡ್ಡವರಾದರೋ ತಮ್ಮ ಮುಖವನ್ನು ಅದರಲ್ಲಿ ಕಂಡು ಸುಮ್ಮನಾಗುತ್ತಾರೆ. ಒಡ್ಡನ ಓಟ, ಅರ್ಗಣೆ ಮುದ್ದೆ, ಗುಡುಗುಡು ಗುಮ್ಮಟ ದೇವರು ಮೊದಲಾದ ಕಥೆಗಳೂ ಇದೇ ಬಳ್ಳಿಯ ಹೂಗಳು.

ಇಷ್ಟು ಸರಳವಾಗಿ ಬರೆದವರು ಪಾಂಡಿತ್ಯದಲ್ಲಿ ಕಡಮೆಯಾಗಿದ್ದರೆಂದು ತಿಳಿಯಬಾರದು. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿಕೊಟ್ಟ ವಿದ್ವತ್ತು ಅವರದು. ಹಳಗನ್ನಡದ ವ್ಯಾಕರಣದ ಆಳವನ್ನು ಕಂಡವರೇ ಮಗುವಿನ ತೊದಲಿಗೆ ಭಾಷೆಯನ್ನು ಹದಗೊಳಿಸಿದರು. ಆಳವಾದ ಬಾವಿಯ ನೀರು ತಿಳಿಯಾಗಿರುವಂತೆ ಈ ಸರಳತೆಯು ಪಾಂಡಿತ್ಯದಿಂದ ಬಂದುದು. ಮುಂದೆ ರಾಷ್ಟ್ರಕವಿಯೆನಿಸಿದ ಮಂಜೇಶ್ವರದ ಗೋವಿಂದ ಪೈಗಳು ವಿದ್ಯಾರ್ಥಿ ದೆಸೆಯಲ್ಲಿ ಪಂಜೆಯವರ ಶಿಷ್ಯರಾಗಿದ್ದರೆಂಬುದು ಗುರುವಿನ ಯೋಗ್ಯತೆಗೆ ಹಿಡಿದ ಕನ್ನಡಿ.

ಶಿಶುಸಾಹಿತ್ಯವು ಒಬ್ಬರ ಕೆಲಸವಲ್ಲವೆಂದು ಅರಿತು, ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವೆಂಬ ಸಂಸ್ಥೆಯನ್ನು ಕಟ್ಟುವುದರಲ್ಲಿಯೂ ಅವರು ಮುಂದಾದರು. ಮಕ್ಕಳಿಗಾಗಿ ಬರೆಯುವುದು ಅಲ್ಪರ ಕಾರ್ಯವೆಂಬ ಭಾವನೆಯಿದ್ದ ಕಾಲದಲ್ಲಿ ಇದು ಸಣ್ಣ ಸಾಹಸವಲ್ಲ.

ಕೋಟಿ ಚೆನ್ನಯ

ಪಂಜೆಯವರ ಗದ್ಯ ಕೃತಿಗಳಲ್ಲಿ ಕೋಟಿ ಚೆನ್ನಯವು ವಿಶಿಷ್ಟವಾದುದು. ತುಳುನಾಡಿನ ಅವಳಿ ವೀರರಾದ ಕೋಟಿ ಮತ್ತು ಚೆನ್ನಯರ ಕಥೆಯು ಪಾಡ್ದನಗಳಲ್ಲಿ ಹರಿದು ಬಂದುದು. ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರು, ಗರೋಡಿಗಳಲ್ಲಿ ನೇಮ ನಡೆಸುವವರು ಅದನ್ನು ಬಾಯಿಂದ ಬಾಯಿಗೆ ಉಳಿಸಿದ್ದರು. ಅಕ್ಷರಲೋಕವು ಅತ್ತ ಕಣ್ಣು ಹಾಯಿಸಿದುದು ಕಡಮೆ. ಬಿಲ್ಲವರ ಮನೆಯಲ್ಲಿ ಬೆಳೆದ ಈ ವೀರರ ಬಾಳನ್ನು ಪಂಜೆಯವರು ಕನ್ನಡದ ಗದ್ಯಕ್ಕೆ ತಂದರು. ದುಡಿಯುವ ಜನರ ಹಾಡು ಪುಸ್ತಕದ ಗೌರವವನ್ನು ಪಡೆಯಿತು.

ಈ ಕಥೆಯಲ್ಲಿ ಕಿರುಪಾತ್ರಗಳ ಮಹಿಮೆ ಎದ್ದು ಕಾಣುತ್ತದೆ. ಗಿಡಮೂಲಿಕೆಗಳ ಮರ್ಮವನ್ನು ಬಲ್ಲ ದೇಯಿ ಬೈದೆತಿಯು ಪಡುಮಲೆಯ ಪೆರುಮಾಳ ಬಲ್ಲಾಳನ ವಾಸಿಯಾಗದ ಗಾಯವನ್ನು ಗುಣಪಡಿಸಿದಳು. ಅವಳಿ ಮಕ್ಕಳನ್ನು ಹೆತ್ತು ಸ್ವಲ್ಪ ಕಾಲದಲ್ಲಿಯೇ ತೀರಿಕೊಂಡಳು. ತಾಯಿಲ್ಲದ ಕೂಸುಗಳನ್ನು ಸಾಯನ ಬೈದ್ಯನು ಸಾಕಿದನು. ಬೆಳೆದು ನಿಂತ ಮಕ್ಕಳಿಗೂ ಮಲ್ಲಯ ಬುದ್ಯಂತನಿಗೂ ಗದ್ದೆಯ ನೀರಿಗಾಗಿ ಜಗಳ ಹುಟ್ಟಿ, ಬುದ್ಯಂತನು ಹತನಾದನು. ಅರಮನೆಯಲ್ಲಿ ನ್ಯಾಯ ದೊರೆಯದೆ ಸಹೋದರರು ಪಡುಮಲೆಯನ್ನು ಬಿಟ್ಟು ಪಂಜಕ್ಕೆ ಬರುತ್ತಾರೆ.

ಅಲ್ಲಿ ಶೇಂದಿ ಇಳಿಸುವ ಪಯ್ಯ ಬೈದ್ಯನ ಮನೆಯ ಅಂಗಳದಲ್ಲಿ ದಾಹಗೊಂಡ ಇಬ್ಬರು ಅಪರಿಚಿತರಿಗೆ ಮನೆಯೊಡತಿ ಕಿನ್ನಿದಾರು ನೀರು ಕೊಡುತ್ತಾಳೆ. ಮಾತಿನಲ್ಲಿ ಮಾತು ಬೆಳೆದು, ಅವಳು ತನ್ನ ತಾಯಿಯ ಕಥೆಯನ್ನು ಹೇಳಿಕೊಂಡಾಗ, ಎದುರಿಗೆ ನಿಂತವರು ತನ್ನ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ತಮ್ಮಂದಿರೆಂಬುದು ತಿಳಿಯುತ್ತದೆ. ಕತ್ತಿ, ದಂಡು, ಸೆರೆಮನೆಗಳ ಈ ಕಥೆಯಲ್ಲಿ ಕಣ್ಣು ಒದ್ದೆಯಾಗುವ ಸ್ಥಳವೆಂದರೆ ಇದೊಂದೇ ಚೊಂಬು ನೀರು. ಬಳಿಕ ವೀರರು ಎಣ್ಮೂರಿಗೆ ಹೋಗುತ್ತಾರೆ; ಅಲ್ಲಿಯ ಯುದ್ಧದಲ್ಲಿ ಕೋಟಿಯು ಬಾಣಕ್ಕೆ ಗುರಿಯಾಗಿ ಮಡಿಯಲು, ಅಣ್ಣನನ್ನು ಅಗಲಿರಲಾರದೆ ಚೆನ್ನಯನೂ ಪ್ರಾಣ ಬಿಡುತ್ತಾನೆ. ಇಂದಿಗೂ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಪರಿಸರದ ಗರೋಡಿಗಳಲ್ಲಿ ಈ ಅಣ್ಣತಮ್ಮಂದಿರಿಗೆ ಪೂಜೆ ನಡೆಯುತ್ತದೆ.

ಕಿನ್ನಿದಾರುವಿನ ಮನೆಯಿದ್ದ ಪಂಜವೇ ಮಂಗೇಶರಾಯರ ಮೂಲಸ್ಥಾನವೆಂಬುದು ಗಮನಾರ್ಹ. ತಮ್ಮ ಹಿರಿಯರು ಬಿಟ್ಟುಬಂದ ಊರಿಗೆ ಅವರು ಈ ಕಥೆಯ ಮೂಲಕ ಮರಳಿದರು. ಆ ಊರಿನ ಋಣವನ್ನು ಅಲ್ಲಿಯ ಜನರ ಹಾಡನ್ನು ಎತ್ತಿಹಿಡಿಯುವುದರ ಮೂಲಕ ತೀರಿಸಿದಂತಾಯಿತು.

ಕೊಡಗಿನಲ್ಲಿ

೧೯೨೧ರಲ್ಲಿ ಪಂಜೆಯವರು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಕೊಡಗಿಗೆ ಹೋದರು. ೧೮೩೪ರಿಂದಲೂ ಬ್ರಿಟಿಷರ ನೇರ ಆಡಳಿತದಲ್ಲಿದ್ದ ಆ ಪುಟ್ಟ ಸೀಮೆಯಲ್ಲಿಯೂ ಪರಿಸ್ಥಿತಿ ತಮ್ಮ ಜಿಲ್ಲೆಯಂತೆಯೇ ಇತ್ತು. ಮಕ್ಕಳ ಮನೆಯ ಮಾತು ಕೊಡವ ಭಾಷೆ, ಶಾಲೆಯ ಮಾತು ಕನ್ನಡ. ಹೊರಗಿನಿಂದ ಬಂದ ಅಧಿಕಾರಿಯು ಅಲ್ಲಿ ಹೊರಗಿನವನಾಗಿಯೇ ಉಳಿಯುವುದು ಸಹಜವಾಗಿತ್ತು. ಪಂಜೆಯವರಾದರೋ ಅಲ್ಲಿಯ ಬೆಟ್ಟ, ಹೊಳೆ, ಹಬ್ಬ, ವೀರಪರಂಪರೆಗಳಿಗೆ ಮನಸೋತು ಹುತ್ತರಿ ಹಾಡನ್ನು ರಚಿಸಿದರು. ಹುತ್ತರಿಯು ಹೊಸ ಭತ್ತದ ತೆನೆಯನ್ನು ಮನೆ ತುಂಬಿಸುವ ಸುಗ್ಗಿಯ ಹಬ್ಬ. ಆ ಹಾಡನ್ನು ಕೊಡಗಿನ ಜನರು ತಮ್ಮ ನಾಡಗೀತೆಯೆಂಬಂತೆ ಬರಮಾಡಿಕೊಂಡರು. ನಾಡೊಂದಕ್ಕೆ ಬೇರೆ ನಾಡಿನವರು ಬರೆದ ಹಾಡು ಇಷ್ಟು ಆಪ್ತವಾದುದಕ್ಕೆ ನಿದರ್ಶನಗಳು ಹೆಚ್ಚಿಲ್ಲ.

ಕೊನೆಯ ದಿನಗಳು

೧೯೩೪ರಲ್ಲಿ ರಾಯಚೂರಿನಲ್ಲಿ ಜರುಗಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವು ಮಂಗೇಶರಾಯರಿಗೆ ಸಂದಿತು. ರಾಯಚೂರು ಆಗ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಉರ್ದುವೇ ಆಡಳಿತದ ಭಾಷೆಯಾಗಿದ್ದ ಆ ಪ್ರದೇಶದಲ್ಲಿ ಕನ್ನಡದ ಮಕ್ಕಳು ತಮ್ಮ ನುಡಿಯಲ್ಲಿ ಕಲಿಯುವುದು ದುರ್ಲಭವಾಗಿತ್ತು. ಮಗುವಿನ ನಾಲಗೆಗೆ ಒಗ್ಗುವ ಕಲಿಕೆಗಾಗಿ ಬಾಳನ್ನು ಸವೆಸಿದವರಿಗೆ ಅಂಥ ನೆಲದಲ್ಲಿ ಕನ್ನಡಿಗರು ಈ ಗೌರವವನ್ನು ಸಲ್ಲಿಸಿದುದು ಎಲ್ಲ ರೀತಿಯಿಂದಲೂ ಉಚಿತವಾಗಿತ್ತು. ದೊಡ್ಡ ಕಾವ್ಯವನ್ನು ಬರೆಯದೆ, ಕಾದಂಬರಿಕಾರರೆಂಬ ಕೀರ್ತಿಯನ್ನು ಪಡೆಯದೆ, ಬಹುಮಟ್ಟಿಗೆ ಮಕ್ಕಳಿಗಾಗಿ ಬರೆದವರು ಆ ಪೀಠವನ್ನು ಅಲಂಕರಿಸಿದರು.

೧೯೩೭ರ ಅಕ್ಟೋಬರ್ ತಿಂಗಳಿನಲ್ಲಿ ಅವರು ಹೈದರಾಬಾದಿನಲ್ಲಿ ನ್ಯೂಮೋನಿಯಾ ಕಾಯಿಲೆಗೆ ತುತ್ತಾಗಿ ದಿವಂಗತರಾದರು. ಆಗ ಅವರಿಗೆ ಅರವತ್ತಮೂರು ವರ್ಷ. ನೇತ್ರಾವತಿಯ ದಡದಲ್ಲಿ ಮೊದಲಾದ ಬಾಳು ದೂರದ ಮೂಸಿ ನದಿಯ ತೀರದ ನಗರದಲ್ಲಿ ಕೊನೆಗಂಡಿತು.

ಅವರ ಬದುಕಿನ ಲೆಕ್ಕವನ್ನು ನೋಡುವಾಗ ಒಂದು ಸಂದೇಹವು ಏಳುವುದು ಸಹಜ. ಶಬ್ದಮಣಿದರ್ಪಣವನ್ನು ಕರತಲಾಮಲಕ ಮಾಡಿಕೊಂಡಿದ್ದ ಪಂಡಿತರು, ಸುವಾಸಿನಿಯ ಕಾಲದಲ್ಲಿಯೇ ಕಥೆಯ ಹೊಸ ದಾರಿಯನ್ನು ಕಂಡವರು, ಇಂದಿರಾಬಾಯಿಯಂತಹ ಒಂದು ಹಿರಿಯ ಕಾದಂಬರಿಯನ್ನು ಏಕೆ ಕೊಡಲಿಲ್ಲ? ತನಿಖೆಯ ತಿರುಗಾಟ, ಸಂಸಾರದ ಭಾರ, ಶಾಲೆಯ ಹೊಣೆ ಇವು ಅವರ ಸಮಯವನ್ನು ನುಂಗಿದುದು ನಿಜ. ಪತ್ರಿಕೆಗಳಲ್ಲಿ, ಪಾಠಪುಸ್ತಕಗಳಲ್ಲಿ, ಬೇರೆ ಬೇರೆ ಹೆಸರುಗಳಡಿಯಲ್ಲಿ ಚದುರಿಹೋಗಿದ್ದ ಅವರ ಬರಹಗಳು ಒಟ್ಟಾಗಿ ಓದುಗರ ಕೈಸೇರಲು ಅವರ ಮರಣದ ಬಳಿಕವೂ ಕಾಯಬೇಕಾಯಿತು. ಈ ನಷ್ಟವನ್ನು ಅಲ್ಲಗಳೆಯಲಾಗದು.

ಆದರೆ ಇನ್ನೊಂದು ತಕ್ಕಡಿಯೂ ಇದೆ. ಕಾದಂಬರಿಯನ್ನು ಓದಲು ಮೊದಲು ಓದುಗನು ಬೇಕು. ಗುಡ್ಡದ ಮೇಲಿನ ಶಾಲೆಯಲ್ಲಿ ಹೆದರಿ ಕುಳಿತಿದ್ದ ತುಳುವ ಹುಡುಗನಿಗೆ ಕನ್ನಡದ ಅಕ್ಷರವು ಸಿಹಿಯೆಂದು ತೋರಿಸಿ ಅವನನ್ನು ಓದುಗನನ್ನಾಗಿ ಮಾಡಿದವರು ಪಂಜೆಯವರು. ನಾಡಿನ ಸಾಹಿತ್ಯದ ಮನೆಗೆ ಮಾಳಿಗೆಯನ್ನು ಕಟ್ಟಿದವರು ಹಲವರಿದ್ದಾರೆ. ಹೊಸ್ತಿಲನ್ನು ಮಗುವಿನ ಕಾಲಿಗೆ ಎಟುಕುವಂತೆ ತಗ್ಗಿಸಿದವರು ವಿರಳ. ಬೂಟು ಒರೆಸುವ ಆಳನ್ನು ಡಿಕನ್ಸನು ಕಥೆಯ ನಡುಮನೆಗೆ ಕರೆತಂದನು. ಪಂಜೆಯವರು ಒಂದು ಹೆಜ್ಜೆ ಮುಂದೆ ಹೋಗಿ, ಅಂಥ ಆಳಿನ ಮಗುವನ್ನು ಪುಸ್ತಕದ ಮುಂದೆ ಕೂರಿಸಿದರು.

ಇಂದಿನ ವಿದ್ಯಾರ್ಥಿಗಳು ಈ ಚರಿತೆಯಿಂದ ಅರಿತುಕೊಳ್ಳಬೇಕಾದುದು ಬಹಳವಿದೆ. ಎಲ್ಲರೂ ನಾಯಕರಾಗಲಾರರು; ಆಗಬೇಕಾದುದೂ ಇಲ್ಲ. ತನ್ನ ಪಾಲಿಗೆ ಬಂದ ಕಿರಿಯ ಕಾರ್ಯವನ್ನು ನಗುಮೊಗದಿಂದ, ಲೋಪವಿಲ್ಲದೆ ಮಾಡಿದವನ ಬಾಳು ಹಿರಿದೇ ಆಗುತ್ತದೆ. ದಣಿದವರಿಗೆ ಒಂದು ಚೊಂಬು ನೀರು ಕೊಟ್ಟ ಕಿನ್ನಿದಾರುವಿನ ಹೆಸರು ಇನ್ನೂ ಉಳಿದಿದೆ. ಎಳೆಯರಿಗೆ ಒಂದು ಹಾಡನ್ನು ಕೊಟ್ಟ ಬಂಟ್ವಾಳದ ಕವಿಶಿಷ್ಯರ ಹೆಸರೂ ಕನ್ನಡದ ಮಕ್ಕಳು ಹಾಡುವವರೆಗೆ ಉಳಿಯುವುದು.